ಜವಳಿ ಗಂಟಿನಲ್ಲೊಂದು ಕಾಂಗಾ

ನಮ್ಮ ಕಡೆ ಮದುವೆ ಜವಳಿ ತಂದ ಮೇಲೆ ಅದನ್ನು ಬೀರುವಿಗೆ ಸೇರಿಸುವ ಮೊದಲು ಓಣಿಯ ಹೆಂಗಸರಿಗೆಲ್ಲ ತೋರಿಸುವ ರೂಢಿ ಇನ್ನೂ ಇದೆ. ಕಳೆದ ವೈಶಾಖದಲ್ಲಿ ದಾವಣಗೆರೆ ಸರಸ್ವತಿ ನಗರದ ನಮ್ಮ ಓಣಿಯ ಮನೆಯೊಂದರಲ್ಲಿ ಹಾಗೆ ಸೇರಿದ್ದೆವು. ಚೌಕಿಪೇಟೆಯಿಂದ ತಂದ ಗಂಟನ್ನು ಬಿಚ್ಚಿ ಮಂಚದ ತುಂಬ ಹರಡಿದ್ದರು. ಧಾರೆ ಸೀರೆ, ಅರಿಶಿನದ ಸೀರೆ, ಬೀಗಿತ್ತಿಗೆ ಬೇರೆ, ಸೋದರತ್ತೆಗೆ ಬೇರೆ, ಆಯೇರಿ ಮಾಡಲು ಕುಬುಸದ ಕಣಗಳ ಒಂದು ಕಟ್ಟು, ಪಂಚೆ, ಟವೆಲು. ಒಂದೊಂದನ್ನೂ ಮುಟ್ಟಿ, ಸೆರಗು ಬಿಡಿಸಿ, ರೇಟು ಕೇಳಿ ಮುಂದಕ್ಕೆ ದಾಟಿಸುತ್ತಿದ್ದಾಗ ನಡುವೆ ಒಂದು ಅಪರಿಚಿತ ಬಟ್ಟೆ ಬಂತು. ಕಡುಗೆಂಪು ನೆಲ, ಸುತ್ತ ಅಗಲವಾದ ಕಪ್ಪು ಅಂಚು, ಒಳಗೆ ನಮ್ಮ ಸೀರೆಗಳಲ್ಲಿರುವಂಥದೇ ಮಾವಿನಕಾಯಿ ಬುಟ್ಟಾ. ಕೆಳಗೆ ಏನೋ ಅಕ್ಷರ ಅಚ್ಚಾಗಿತ್ತು.

"ನೋಡ್ರಿ ಮೇಡಂ, ಇದು ನಮ್ ಹುಡ್ಗ ತಂಗಿಗೇಂತ ಕಳ್ಸಿರೋದು," ಎಂದರು ಮನೆಯ ಯಜಮಾನಿ. ಮಗ ದಾರ್ ಎಸ್ ಸಲಾಮಿನಲ್ಲಿ ಕೆಲಸಕ್ಕಿದ್ದಾನೆ. "ಸೀರೆ ಅನ್ನಾಕೆ ಉದ್ದ ಇಲ್ಲ, ಬೆಡ್‌ಶೀಟ್ ಅನ್ನಾಕೆ ಅಗಲ ಇಲ್ಲ. ಎರಡು ತುಂಡು ಬೇರೆ ಐತೆ. ಇದನ್ನ ಉಡೋದು ಹೆಂಗೆ?"

ಅದು ಕಾಂಗಾ. ತಾಂಜಾನಿಯಾ, ಕೀನ್ಯಾ, ಜಾಂಜಿಬಾರ್ ಕಡೆಯ ಹೆಣ್ಣುಮಕ್ಕಳ ನಿತ್ಯದ ಬಟ್ಟೆ. ಅದು ಬರುವುದೇ ಜೋಡಿಯಾಗಿ. ಅಂಗಡಿಯಿಂದ ಒಂದೇ ಉದ್ದನೆಯ ತುಂಡು ತಂದು, ನಡುವೆ ಕತ್ತರಿಸಿ, ಅಂಚು ಮಡಚಿ ಹೊಲಿದುಕೊಳ್ಳಬೇಕು. ಒಂದೊಂದು ತುಂಡೂ ಸುಮಾರು ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲ. ಒಂದನ್ನು ಸುತ್ತಿಕೊಂಡರೆ ಇನ್ನೊಂದು ತಲೆಗೆ, ಹೆಗಲಿಗೆ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ ಅದರಲ್ಲೇ. ಅಂಚಿಗೆ ‘ಪಿಂಡೊ’ ಎನ್ನುತ್ತಾರೆ. ನಡುವಿನ ಭಾಗ ‘ಮ್ಜಿ’, ಅಂದರೆ ಊರು. ಅಕ್ಷರದ ಸಾಲು ‘ಜಿನಾ’, ಅಂದರೆ ಹೆಸರು. ಈ ಹೆಸರಿನ ಮೇಲೆಯೇ ಅಲ್ಲಿ ಕಾಂಗಾ ಬಿಕರಿಯಾಗುತ್ತದೆ. ಬಣ್ಣ ಎಷ್ಟೇ ಚೆಂದವಿದ್ದರೂ ಅಚ್ಚಾದ ಮಾತು ಒಪ್ಪಿಗೆಯಾಗದಿದ್ದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ನೆರೆಮನೆಯವಳಿಗೆ, ಸವತಿಗೆ, ಗಂಡನಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಸೊಂಟಕ್ಕೆ ಸುತ್ತಿಕೊಂಡು ಎದುರಿಗೆ ಹಾದುಹೋದರೆ ಸಾಕು, ಮುಟ್ಟಬೇಕಾದವರಿಗೆ ಮುಟ್ಟುತ್ತದೆ.

ನಮ್ಮ ಓಣಿಯ ಮದುಮಗಳಿಗೆ ಬಂದ ಕಾಂಗಾದ ಮೇಲಿದ್ದ ಮಾತು, ‘ಹಬಾ ನ ಹಬಾ ಹುಜಾಜಾ ಕಿಬಾಬಾ.’ ಸ್ವಾಹಿಲಿಯ ಬಹಳ ಹಳೆಯ ಗಾದೆ. ಕಿಬಾಬಾ ಅಂದರೆ ಕಾಳು ಅಳೆಯುವ ಅಳತೆ. ಚೂರು ಚೂರು ಸೇರಿ ಕಿಬಾಬಾ ತುಂಬುತ್ತದೆ ಎಂದು ಅರ್ಥ. ನಾನು ಅಷ್ಟು ಹೇಳುವುದರೊಳಗೆ ಮೂಲೆಯಲ್ಲಿ ಕೂತಿದ್ದ ಮದುಮಗಳ ಅಜ್ಜಿ, "ಹನಿಹನಿ ಕೂಡಿದ್ರೆ ಹಳ್ಳ, ತೆನೆತೆನೆ ಕೂಡಿದ್ರೆ ಬಳ್ಳ," ಎಂದುಬಿಟ್ಟರು. ಬಳ್ಳ ಎನ್ನುವುದೂ ಕಾಳು ಅಳೆಯುವ ಅಳತೆಯೇ. ಹಿಂದೂ ಮಹಾಸಾಗರದ ಆಚೆ ದಡದ ಅಳತೆ, ಈಚೆ ದಡದ ಅಳತೆ, ಎರಡೂ ಒಂದೇ ಮಂಚದ ಮೇಲೆ ಕೂತಿದ್ದವು. ಆ ಗಳಿಗೆ ನನಗೆ ಬಹಳ ಹಿತವಾಯಿತು.

ಅಲ್ಲಿಂದ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಆಫ್ರಿಕಾದ ಮದುವೆಗಳ ವಿಡಿಯೊಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ಓದುಗರು ಸಿಕ್ಕಾಗಲೆಲ್ಲ ಎರಡು ಮಾತು ಕೇಳುತ್ತಾರೆ. ಮೊದಲನೆಯದು, ಆಫ್ರಿಕಾದವರ ಮದುವೆ ಹೇಗಿರುತ್ತದೆ, ಎಲ್ಲರೂ ಒಂದೇ ಥರದ ಬಟ್ಟೆ ಯಾಕೆ ಹಾಕಿರುತ್ತಾರೆ ಎಂಬುದು. ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಯರೂ ಅಲ್ಲಿಂದಲೇ ಬಂದವರಲ್ಲವೆ, ಅವರ ಮದುವೆಯಲ್ಲಿ ಆಫ್ರಿಕಾದ್ದು ಏನಾದರೂ ಉಳಿದಿದೆಯೆ? ಎರಡಕ್ಕೂ ಈ ವಾರ ಕೂತು ಬರೆಯುತ್ತಿದ್ದೇನೆ.

ಆಫ್ರಿಕಾದ ಮದುವೆ ಎಂಬುದೊಂದಿಲ್ಲ. ಆ ಖಂಡದಲ್ಲಿ 54 ದೇಶಗಳಿವೆ, ಸಾವಿರಾರು ಭಾಷೆಗಳಿವೆ. ಹರಿಹರದಲ್ಲಿ ನಡೆದ ಒಂದು ಮದುವೆಯನ್ನು ನೋಡಿ ಏಷ್ಯಾದ ಮದುವೆ ಹೀಗಿರುತ್ತದೆ ಎಂದರೆ ನಾವು ಒಪ್ಪುತ್ತೇವೆಯೆ? ಹಾಗಾಗಿ ಬಟ್ಟೆಯ ನೂಲು ಹಿಡಿದು ಒಂದೆರಡು ಕಡೆ ಮಾತ್ರ ಹೋಗಿಬರುತ್ತೇನೆ. ಬಟ್ಟೆ ನಮ್ಮೂರಿಗೆ ಹೊಸದಲ್ಲ. ಹತ್ತಿ ಗಿರಣಿಗಳ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡ ಊರು ಇದು.

ನಮ್ಮವರು ವಿಡಿಯೊದಲ್ಲಿ ನೋಡುವ ‘ಒಂದೇ ಥರದ ಬಟ್ಟೆ’ ಹೆಚ್ಚಾಗಿ ನೈಜೀರಿಯಾದ ಯೊರುಬಾ ಜನರದು. ‘ಅಸೊ ಎಬಿ’ ಎನ್ನುತ್ತಾರೆ. ಅಸೊ ಎಂದರೆ ಬಟ್ಟೆ, ಎಬಿ ಎಂದರೆ ಕುಟುಂಬ. ಮದುವೆ ಮನೆಯವರು ಒಂದು ಬಟ್ಟೆಯನ್ನು ಆರಿಸುತ್ತಾರೆ. ಬಂಧುಬಳಗ, ಸ್ನೇಹಿತರು ಅದನ್ನೇ ಕೊಂಡು ತಮಗೆ ಬೇಕಾದಂತೆ ಹೊಲಿಸಿಕೊಂಡು ಬರುತ್ತಾರೆ. ಗಂಡಿನ ಕಡೆಗೆ ಒಂದು ಬಣ್ಣ, ಹೆಣ್ಣಿನ ಕಡೆಗೆ ಇನ್ನೊಂದು. ಮಂಟಪದ ಬಾಗಿಲಲ್ಲಿ ನಿಂತು ನೋಡಿದರೆ ಯಾರು ಯಾರ ಕಡೆಯವರು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಹೆಂಗಸರ ತಲೆಯ ಮೇಲೆ ಗರಿಗರಿಯಾಗಿ ಮಡಚಿ ಕಟ್ಟಿದ ರುಮಾಲು ಇರುತ್ತದಲ್ಲ, ಅದು ‘ಗೆಲೆ’. ಕಟ್ಟುವುದಕ್ಕೆಂದೇ ಪಳಗಿದವರನ್ನು ಕರೆಸುತ್ತಾರೆ. ಮದುಮಕ್ಕಳ ಬಟ್ಟೆ ಹೆಚ್ಚಾಗಿ ‘ಅಸೊ ಒಕೆ’, ಕೈಮಗ್ಗದ್ದು. ಅದರಲ್ಲೂ ಹಳೆಯ ಮೂರು ಬಗೆಗಳಿಗೆ ಮರ್ಯಾದೆ ಜಾಸ್ತಿ. ಕಾಡುರೇಷ್ಮೆಯ ಕಂದು ಬಣ್ಣದ್ದು ಸನ್ಯಾನ್, ಕೆಂಪಿನದು ಅಲಾರಿ, ನೀಲಿಯದು ಎಟು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ನಮ್ಮ ಆಯೇರಿಯಲ್ಲಿ ಬಟ್ಟೆ ಮದುವೆಯವರ ಕೈಯಿಂದ ನೆಂಟರ ಮಡಿಲಿಗೆ ಹೋಗುತ್ತದೆ, ಅವರು ಮಾಡಿದ ಆಯೇರಿ ಇವರಿಗೆ ಬರುತ್ತದೆ. ಯಾರು ಯಾರಿಗೆ ಏನು ಕೊಟ್ಟರು ಎಂಬ ಪಟ್ಟಿ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದಿನ ಮದುವೆಯಲ್ಲಿ ಋಣ ತೀರಿಸುತ್ತೇವೆ. ಅಸೊ ಎಬಿಯನ್ನು ಬಂದವರೇ ದುಡ್ಡು ಕೊಟ್ಟು ಕೊಳ್ಳಬೇಕು. ಕೊಳ್ಳಲಾಗದ ಬಡ ನೆಂಟ ಅಲ್ಲಿ ಎದ್ದು ಕಾಣುತ್ತಾನೆ. ಆ ದೇಶದಲ್ಲೇ ಇದರ ಬಗ್ಗೆ ಬೇಕಾದಷ್ಟು ವಾದ ನಡೆದಿದೆ. ಈಚೆಗೆ ದಾವಣಗೆರೆಯ ಮದುವೆಗಳಲ್ಲೂ ಅಕ್ಕತಂಗಿಯರು, ಓರಗಿತ್ತಿಯರು ಒಂದೇ ಬಣ್ಣದ ಸೀರೆ ಉಡುವುದು ಶುರುವಾಗಿದೆ. ಫೋಟೊದಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಆ ಸೀರೆಗೆ ದುಡ್ಡು ಹೊಂದಿಸಲಾಗದೆ ಮದುವೆಗೇ ಬಾರದೆ ಉಳಿದವರನ್ನು ನಾನು ನೋಡಿದ್ದೇನೆ. ಬಣ್ಣ ಆರಿಸುವವರು ಆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಲಿ ಎಂಬುದು ನನ್ನ ಕೋರಿಕೆ.

ಘಾನಾದ ಕೆಂಟೆಯ ಹೆಸರು ಕೇಳಿರುತ್ತೀರಿ. ಅಶಾಂತಿ ಮತ್ತು ಎವೆ ಜನರ ನೇಯ್ಗೆ. 2024ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು. ಕೆಂಟೆಯ ಮಗ್ಗ ನಮ್ಮ ಇಳಕಲ್ಲಿನ ಮಗ್ಗದ ಹಾಗೆ ಸೀರೆಯಗಲಕ್ಕೆ ನೇಯುವುದಿಲ್ಲ. ನಾಲ್ಕು ಬೆರಳಗಲದ, ಹೆಚ್ಚೆಂದರೆ ಅಂಗೈಯಗಲದ ಪಟ್ಟಿ ಮಾತ್ರ ಬರುತ್ತದೆ. ಅಂಥ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಹೊಲಿದರೆ ಮೈತುಂಬ ಹೊದೆಯುವ ಬಟ್ಟೆಯಾಗುತ್ತದೆ. ಮೇಲೆ ಹೇಳಿದ ಅಸೊ ಒಕೆಯೂ ಹಾಗೆಯೇ ಪಟ್ಟಿಪಟ್ಟಿ ಕೂಡಿಸಿದ್ದು. ಇನ್ನು ಕಾಂಗಾ? ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಅದು ಹುಟ್ಟಿದ ಕತೆಯನ್ನು ಆ ಕರಾವಳಿಯವರು ಹೀಗೆ ಹೇಳುತ್ತಾರೆ. ಪೋರ್ಚುಗೀಸರು ತಂದು ಮಾರುತ್ತಿದ್ದ ಅಚ್ಚಿನ ಕರವಸ್ತ್ರಗಳನ್ನು ಹೆಂಗಸರು ಒಂದೊಂದಾಗಿ ಕೊಳ್ಳದೆ ಕತ್ತರಿಸುವ ಮುಂಚೆಯೇ ಉದ್ದಕ್ಕೆ ಕೊಂಡು, ಮೂರು ಮೂರರಂತೆ ಎರಡು ಸಾಲು, ಒಟ್ಟು ಆರು ಚೌಕಗಳನ್ನು ಸೇರಿಸಿ ಹೊಲಿದುಕೊಂಡರಂತೆ. ಅದಕ್ಕೇ ಕಾಂಗಾಕ್ಕೆ ‘ಲೇಸೊ’ ಎಂಬ ಇನ್ನೊಂದು ಹೆಸರು. ಕರವಸ್ತ್ರಕ್ಕಿರುವ ಪೋರ್ಚುಗೀಸ್ ಪದದಿಂದ ಬಂದದ್ದು. ಮದುವೆಗೆಂದೇ ಮೀಸಲಾದ ‘ಕಿಸುಟು’ ಎಂಬ ಕೆಂಪು, ಕಪ್ಪು, ಬಿಳಿಯ ಕಾಂಗಾ ಇದೆ. ಮದುಮಗಳಿಗೆ ಅದು ಕೊಡಲೇಬೇಕಾದದ್ದು, ನಮ್ಮ ಹಸಿರು ಸೀರೆ, ಹಸಿರು ಬಳೆಯ ಹಾಗೆ.

ನಿಮಗೆ ಇನ್ನೂ ಒಂದು ಸಂಗತಿ ಹೇಳಬೇಕು. ನೈಜೀರಿಯಾದ ದಕ್ಷಿಣದ ನದಿಮುಖಜ ಭೂಮಿಯಲ್ಲಿ ಕಲಬಾರಿ ಎಂಬ ಜನರಿದ್ದಾರೆ. ಅವರ ಮನೆತನಗಳ ಪೆಟ್ಟಿಗೆಗಳಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ, ಹುಟ್ಟು, ಮದುವೆ, ಸಾವು ಮೂರಕ್ಕೂ ಹೊರತೆಗೆಯುವ ಬಟ್ಟೆಗೆ ‘ಇಂಜಿರಿ’ ಎಂದು ಹೆಸರು. ಅದು ನಮ್ಮ ಮದರಾಸಿನ ಚೌಕಳಿ ಬಟ್ಟೆ. ನೂರಾರು ವರ್ಷಗಳಿಂದ ಕೋರಮಂಡಲ ತೀರದ ನೇಕಾರರು ನೇಯ್ದು ಹಡಗಿಗೆ ಹಾಕಿದ್ದು. ಕಲಬಾರಿ ಹೆಂಗಸರು ಅದನ್ನು ಹಾಗೇ ಉಡುವುದಿಲ್ಲ. ಬ್ಲೇಡಿನ ತುದಿಯಿಂದ ಆಯ್ದ ಎಳೆಗಳನ್ನಷ್ಟೇ ಕತ್ತರಿಸಿ, ಎಳೆದು ತೆಗೆದು, ಚೌಕಳಿಯೊಳಗೆ ಹೊಸ ಚಿತ್ತಾರ ಮೂಡಿಸಿ ತಮ್ಮದಾಗಿಸಿಕೊಳ್ಳುತ್ತಾರೆ. ಅದೇ ಸೀಮೆಯ ಮದುವೆಗಳಲ್ಲಿ ಗಂಡಸರೂ ಹೆಂಗಸರೂ ಸುತ್ತಿಕೊಳ್ಳುವ ಕಸೂತಿಯ ಭಾರಿ ಬಟ್ಟೆಗೆ ‘ಜಾರ್ಜ್’ ಎಂಬ ಹೆಸರಿದೆ. ಅದೂ ಚೆನ್ನೈ ಕಡೆಯಿಂದಲೇ ಹೋಗುತ್ತದೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಹಾಗಾದರೆ ಆ ಮದುಮಗಳು ಉಟ್ಟದ್ದು ಆಫ್ರಿಕಾದ್ದೋ ನಮ್ಮದೋ? ಎರಡು ತಲೆಮಾರು ಪೆಟ್ಟಿಗೆಯಲ್ಲಿಟ್ಟು, ಅಜ್ಜಿ ಎಳೆ ಕತ್ತರಿಸಿ, ಮೊಮ್ಮಗಳು ಉಟ್ಟ ಮೇಲೆ ಅದು ಅವರದೇ.

ಬಟ್ಟೆಯಾಯಿತು, ಮಾತುಕತೆಗೆ ಬರೋಣ. ಆಫ್ರಿಕಾದ ಹಲವು ಸಮಾಜಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಕಡೆಗೆ ಕೊಡಬೇಕು. ದಕ್ಷಿಣದ ಜುಲು, ಖೋಸಾ ಜನರಲ್ಲಿ ಅದು ‘ಲೊಬೊಲ’, ದನಗಳ ಲೆಕ್ಕದಲ್ಲಿ. ಈಗ ದನ ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ನಗದು ಕೊಡುವುದೇ ಹೆಚ್ಚು. ಹುಡುಗ ಹುಡುಗಿ ಈ ಮಾತುಕತೆಯಲ್ಲಿ ಬಾಯಿ ಹಾಕುವಂತಿಲ್ಲ, ಸೋದರಮಾವ, ಚಿಕ್ಕಪ್ಪಂದಿರು ಕೂತು ಮುಗಿಸುತ್ತಾರೆ. ಇದನ್ನು ಓದಿ ಹೆಣ್ಣು ಮಾರುವುದು ಎಂದು ಮೂಗು ಮುರಿಯುವವರಿಗೆ ನಮ್ಮ ‘ತೆರ’ ನೆನಪಿಸಬೇಕು. ನಮ್ಮ ಬಯಲುಸೀಮೆಯ ಎಷ್ಟೋ ಸಮುದಾಯಗಳಲ್ಲಿ ಗಂಡಿನವರು ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ನಮ್ಮ ಮುತ್ತಜ್ಜಿಯರ ಕಾಲದ ಮಾತು. ದುಡಿಯುವ ಮಗಳೊಬ್ಬಳು ಮನೆಬಿಟ್ಟು ಹೋಗುತ್ತಾಳೆ, ಆ ಮನೆಗೆ ಅದು ನಷ್ಟ ಎಂಬ ತಿಳಿವಳಿಕೆ ಅದರ ಹಿಂದಿತ್ತು. ತೆರ ಹೋಗಿ ವರದಕ್ಷಿಣೆ ಬಂತು. ಅದನ್ನು ತಡೆಯಲು 1961ರಲ್ಲಿ ಕಾಯ್ದೆ ಮಾಡಬೇಕಾಯಿತು, ಕಾಯ್ದೆ ಬಂದ ಮೇಲೂ ಅದು ನಿಂತಿಲ್ಲ. ತೆರದಲ್ಲೂ ಹೆಣ್ಣಿನ ಒಪ್ಪಿಗೆಯನ್ನು ಕೇಳುತ್ತಿರಲಿಲ್ಲ, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಮಗಳು ಹುಟ್ಟಿದಳೆಂದು ತಂದೆ ತಲೆಯ ಮೇಲೆ ಕೈಹೊತ್ತು ಕೂರುವುದು ಆಗ ಇರಲಿಲ್ಲ.

ಈ ಮಾತುಕತೆ ಎಷ್ಟು ನಾಜೂಕಾಗಿ ನಡೆಯಬಹುದು ಎಂದು ನೋಡಬೇಕಿದ್ದರೆ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ಓದಬೇಕು. ಒಬಿಯರಿಕನ ಮಗಳ ಮದುವೆ ಕುದುರಿಸುವ ಸಂದರ್ಭ. ಯಾರೂ ಮೊತ್ತವನ್ನು ಬಾಯಲ್ಲಿ ಆಡುವುದಿಲ್ಲ. ಪೊರಕೆಯ ಕಡ್ಡಿಗಳ ಒಂದು ಕಟ್ಟನ್ನು ಹುಡುಗಿಯ ತಂದೆ ಮುಂದಿಡುತ್ತಾನೆ, ಅದರಲ್ಲಿ ಮೂವತ್ತು. ಗಂಡಿನವರು ಹೊರಗೆ ಹೋಗಿ ಪಿಸುಗುಟ್ಟಿ ಬಂದು ಹದಿನೈದು ಹಿಂದಿರುಗಿಸುತ್ತಾರೆ. ಕಟ್ಟು ಆಚೆಗೆ ಈಚೆಗೆ ಓಡಾಡಿ ಕೊನೆಗೆ ಇಪ್ಪತ್ತು ಚೀಲ ಕವಡೆಗೆ ಮಾತು ನಿಲ್ಲುತ್ತದೆ. ಬಾಯಿಬಿಟ್ಟು ಚೌಕಾಸಿ ಮಾಡುವ ಪಕ್ಕದ ಊರಿನವರ ಬಗ್ಗೆ ಅವರಿಗೆ ಅಸಡ್ಡೆ, ಮಗಳೇನು ಸಂತೆಯ ಆಡೇ ಎಂದು. ಇದೇ ಕಾದಂಬರಿಯನ್ನು 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ‘ಕಪ್ಪು ಜನ ಕೆಂಪು ನೆರಳು’ ಎಂಬ ಹೆಸರಿನಲ್ಲಿ ರಂಗಕ್ಕೆ ತಂದರು. ಪಾತ್ರ ಮಾಡಿದವರು ಸಿದ್ದಿಯರು. ನೈಜೀರಿಯಾದ ಇಗ್ಬೊ ಊರಿನ ಕತೆ, ಕನ್ನಡದ ಮಾತು, ಪಶ್ಚಿಮ ಘಟ್ಟದ ಸಿದ್ದಿಯರ ಮೈ, ದನಿ. ಸಿದ್ದಿಯರ ಪೂರ್ವಜರು ಇಗ್ಬೊಗಳಲ್ಲ, ಹೆಚ್ಚಿನವರು ಪೂರ್ವ ಆಫ್ರಿಕಾದ ಬಂಟು ಭಾಷೆಗಳ ಸೀಮೆಯಿಂದ ಬಂದವರು. ಆದರೂ ಆ ನಾಟಕ ಅವರನ್ನು ರಂಗದ ನಡುವೆ ನಿಲ್ಲಿಸಿತು. ಊರ ಹೊರಗಿನ ಕೂಲಿಯಾಳುಗಳೆಂದು ಮಾತ್ರ ಅವರನ್ನು ನೋಡಿದ್ದ ಜನ ಎದುರಿಗೆ ಕೂತು ನೋಡಿದರು.

ಎರಡನೇ ಪ್ರಶ್ನೆಗೆ ಹೀಗೆ ಬಂದು ಸೇರಿದೆವು. ಸಿದ್ದಿಯರ ಮದುವೆಯಲ್ಲಿ ಆಫ್ರಿಕಾದ ಬಟ್ಟೆ ಉಳಿದಿದೆಯೆ? ಉಳಿಯಲು ಅವರು ತಂದಿದ್ದರೆ ತಾನೆ? ಕೆಂಟೆ ಖಂಡದ ಇನ್ನೊಂದು ತುದಿಯದು. ಕಾಂಗಾ ಹುಟ್ಟುವ ಎಷ್ಟೋ ಮೊದಲೇ ಇವರ ಪೂರ್ವಜರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ವಿಜಯಪುರದ ಆದಿಲ್ ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನನಂಥ ಆಫ್ರಿಕಾ ಮೂಲದ ಹಬ್ಶಿ ಮಂತ್ರಿಗಳೂ ಇದ್ದರು, ಆ ದಾರಿ ಬೇರೆ. ಘಟ್ಟದ ಸಿದ್ದಿಯರಲ್ಲಿ ಬಹುಮಂದಿ ಗೋವಾದ ಗುಲಾಮಗಿರಿಯಿಂದ ಬಿಡುಗಡೆಯಾದವರ, ತಪ್ಪಿಸಿಕೊಂಡು ಕಾಡು ಹತ್ತಿದವರ ಸಂತತಿ. ಅವರನ್ನು ಕೊಂಡದ್ದಾದರೂ ಯಾವುದರಿಂದ? ಮೊಜಾಂಬಿಕ್ ಕರಾವಳಿಯಲ್ಲಿ ಆನೆದಂತಕ್ಕೂ ಗುಲಾಮರಿಗೂ ಬೆಲೆಯಾಗಿ ನಡೆಯುತ್ತಿದ್ದದ್ದು ಗುಜರಾತಿನ ಹತ್ತಿ ಬಟ್ಟೆ. ದೀವ್, ದಮನ್‌ಗಳಿಂದ ಹಡಗು ತುಂಬಿ ಹೋಗುತ್ತಿತ್ತು. ನಮ್ಮ ದೇಶದ ಮಗ್ಗದಲ್ಲಿ ನೇಯ್ದ ಬಟ್ಟೆಯೇ ಮನುಷ್ಯರ ಬೆಲೆಯಾಗಿತ್ತು. ಗಿರಣಿ ಊರಿನವಳಾದ ನನಗೆ ಇದನ್ನು ಮೊದಲು ಓದಿದಾಗ ಬಹಳ ಹೊತ್ತು ಏನೂ ತೋಚಲಿಲ್ಲ.

2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಲೆಕ್ಕಕ್ಕೆ ಸಿಕ್ಕ ಸಿದ್ದಿಯರು ಸುಮಾರು 10 ಸಾವಿರ. ಉತ್ತರ ಕನ್ನಡದವರನ್ನು ಆ ಪಟ್ಟಿಗೆ ಸೇರಿಸಿದ್ದು 2003ರಲ್ಲಿ, ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಸದನ ಪ್ರವೇಶಿಸಿದ ಮೊದಲಿಗರು. ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಯರು, ಹಳಿಯಾಳದಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಸಿದ್ದಿಯರು ಹೆಚ್ಚು. ಮನೆಮಾತು ಕನ್ನಡ, ಮರಾಠಿ ಬೆರೆತ ಕೊಂಕಣಿ. ಮದುವೆಯೂ ಆಯಾ ಧರ್ಮದ್ದೇ. ಒಂದು ಮನೆಯಲ್ಲಿ ಅರಿಶಿನ, ಬಾಸಿಂಗ, ತಾಳಿ, ಇನ್ನೊಂದರಲ್ಲಿ ಇಗರ್ಜಿಯ ಪಾದ್ರಿ, ಮತ್ತೊಂದರಲ್ಲಿ ನಿಕಾಹ್. ಹೊರಗಿನವರಿಗೆ ನೆರೆಹೊರೆಯ ಮದುವೆಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮೂರೂ ಧರ್ಮದವರ ನಡುವೆ ಹೆಣ್ಣು ಕೊಟ್ಟು ತರುವುದು ಅವರಲ್ಲಿ ಮೊದಲಿನಿಂದ ನಡೆದು ಬಂದಿದೆ. ಧರ್ಮ ಯಾವುದಾದರೂ ಹಿರಿಯರ ಪೂಜೆ ಬಿಡುವುದಿಲ್ಲ. ಸಾತುಂಬೈಲಿನ ಸಿದ್ದಿ ನಾಸ ದೇವರ ಜಾತ್ರೆಗೆ ಎಲ್ಲರೂ ಸೇರುತ್ತಾರೆ. ನನ್ನನ್ನು ಕೇಳಿದರೆ ಅವರ ಮದುವೆಯಲ್ಲಿ ಎದ್ದು ಕಾಣಬೇಕಾದದ್ದು ಇದು. ನಾವು ಜಾತಿಯೊಳಗಿನ ಒಳಪಂಗಡಕ್ಕೂ ಹೆಣ್ಣು ಕೊಡಲು ಯೋಚಿಸುವ ಊರಿನಲ್ಲಿ ಕೂತು ಅವರಲ್ಲಿ ಎಲೆ, ಸೊಪ್ಪು, ಬುಡಕಟ್ಟು ಕುಣಿತ ಹುಡುಕುತ್ತೇವೆ.

ಸೊಪ್ಪಿನ ಮಾತು ಸುಮ್ಮನೆ ಬಂದದ್ದಲ್ಲ. ಉತ್ಸವವೊಂದರ ವೇದಿಕೆಯಲ್ಲಿ ಕಾಲೇಜು ಓದುವ ಸಿದ್ದಿ ಹುಡುಗರಿಗೆ ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಣ್ಣ ಬಳಿದು ಕುಣಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಂಘಟಕರಿಗೆ ‘ಆಫ್ರಿಕಾ’ ಬೇಕಿತ್ತು. ಅದೇ ಹುಡುಗರ ಮನೆಯಲ್ಲಿ ಮದುವೆಯ ರಾತ್ರಿ ದಮಾಮಿ ಬಾರಿಸುವಾಗ ಯಾರೂ ಸೊಪ್ಪು ಕಟ್ಟುವುದಿಲ್ಲ. ಹೆಂಗಸರು ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಅರ್ಧ ವೃತ್ತದಲ್ಲಿ ಕೂರುತ್ತಾರೆ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಚರ್ಮ ಸಡಿಲಾದರೆ ದಮಾಮಿಯನ್ನು ಬೆಂಕಿಗೆ ತೋರಿಸಿ ಬಿಗಿ ಮಾಡಿಕೊಂಡು ಮತ್ತೆ ಶುರು. ಮಧ್ಯರಾತ್ರಿ ದಾಟಿದ ಮೇಲೆ ಎದ್ದು ಕುಣಿಯುವವರು ಅಜ್ಜಿಯರು.

ಅಂಥದೊಂದು ಮದುವೆಮನೆಯಲ್ಲೇ ನಾನು ಕವಂದ್ ನೋಡಿದ್ದು. ನಮ್ಮ ಕೌದಿಯೇ. ಹೆಸರೂ ಅದೇ ಬಳ್ಳಿಯದು ಎಂದು ಕಿವಿಗೆ ಗೊತ್ತಾಗುತ್ತದೆ. ನಮ್ಮ ಅಮ್ಮನ ತಾಯಿ ಹರಿಹರದವಳು. ಅಜ್ಜ ಗಿರಣಿಯಿಂದ ತರುತ್ತಿದ್ದ ಚೂರು ಬಟ್ಟೆ, ಹರಿದ ಧೋತರ, ನಮ್ಮ ಲಂಗ ಎಲ್ಲ ಸೇರಿಸಿ ಅವಳು ಕೌದಿ ಹೊಲಿಯುತ್ತಿದ್ದಳು. ಹಬ್ಬದ ಮುಂಚೆ ಅದನ್ನು ತುಂಗಭದ್ರೆಗೆ ಒಯ್ದು ಒಗೆಯಬೇಕು. ನೆನೆದ ಕೌದಿ ಒಬ್ಬರ ಕೈಗೆ ಎತ್ತುವಂಥದಲ್ಲ. ಇಬ್ಬರು ಎರಡು ತುದಿ ಹಿಡಿದು ಹಿಂಡಿ, ಬಂಡೆಯ ಮೇಲೆ ಹರವಬೇಕು. ಹೊಲಿಯುತ್ತಾ ನಡುವಿಗೆ ಬಂದಾಗ, ಕೊನೆಯ ತುಂಡು ಮುಚ್ಚುವ ಮೊದಲು ಅಜ್ಜಿ ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು. "ಕೌದಿ ಹೊಟ್ಟೆ ಖಾಲಿ ಇರಬಾರ್ದವ್ವ, ಹೊದ್ದವ್ರ ಹೊಟ್ಟೆ ತಣ್ಣಗಿರ್ಬೇಕು," ಎನ್ನುತ್ತಿದ್ದಳು.

ಸಿದ್ದಿ ಹೆಂಗಸರ ಕವಂದ್ ಕೂಡ ಅಂಚಿನಿಂದ ಶುರುವಾಗಿ ಸುತ್ತು ಸುತ್ತಿ ನಡುವಿಗೆ ಬರುತ್ತದೆ. ಕೆಳಗೆ ಹಳೇ ಸೀರೆ, ಮೇಲೆ ತುಂಡುಗಳು. ಯಾವ ನಕ್ಷೆಯೂ ಇರುವುದಿಲ್ಲ. ಕೈಗೆ ಬಂದ ತುಂಡಿನ ಪಕ್ಕ ಯಾವುದು ಒಪ್ಪುತ್ತದೆ ಎಂದು ಆಗಲೇ ನೋಡಿ ಇಡುವುದು. ಹೊಲಿಗೆಯನ್ನು ಮುಚ್ಚುವುದಿಲ್ಲ. ಹತ್ತಿರ ಹತ್ತಿರ ಓಡುವ ದಾರದ ಸಾಲುಗಳೇ ಅದರ ಚೆಂದ, ಕೈಯಾಡಿಸಿದರೆ ಉಳುಮೆಯ ಸಾಲು ಸಿಕ್ಕಿದ ಹಾಗಾಗುತ್ತದೆ. ಮೇಲೆ ಅಲ್ಲಲ್ಲಿ ಪುಟ್ಟ ಪುಟ್ಟ ತುಂಡುಗಳನ್ನು ಅಲಂಕಾರಕ್ಕೆ ಕೂಡಿಸುತ್ತಾರೆ, ಅವಕ್ಕೆ ಟಿಕ್ಲಿ ಎಂದು ಹೆಸರು. ಕೂಸಿನ ಕವಂದಿಗೆ ಟಿಕ್ಲಿ ಜಾಸ್ತಿ. ಕ್ರೈಸ್ತರ ಮನೆಯದರಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಚಂದ್ರ ಕೂಡ ಸೇರಿರುತ್ತವೆ. ಕೊನೆಗೆ ನಾಲ್ಕು ಮೂಲೆಗೆ ನಾಲ್ಕು ‘ಫೂಲ’, ಅಂದರೆ ಹೂವು. ತ್ರಿಕೋನವಾಗಿ ಮಡಚಿದ ಬಟ್ಟೆಯನ್ನು ಒಂದರ ಮೇಲೊಂದು ಪೇರಿಸಿ ಹೊಲಿದದ್ದು. ಅದರಿಂದ ಉಪಯೋಗ ಏನೂ ಇಲ್ಲ, ಆದರೆ ಫೂಲ ಇಲ್ಲದ ಕವಂದ್ ಬೆತ್ತಲೆ ಎನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅವರು ಇವನ್ನೆಲ್ಲ ಕೂತು ದಾಖಲಿಸಿದರು, ಸಿದ್ದಿ ಹೆಂಗಸರ ಹೊಲಿಗೆ ಸಂಘಕ್ಕೆ ಒತ್ತಾಸೆಯಾದರು, ಕವಂದ್‌ಗಳು ಕಡಲಾಚೆಯ ಪ್ರದರ್ಶನಗಳಿಗೂ ಹೋದವು. ಆಫ್ರಿಕಾದ ಬಣ್ಣಜ್ಞಾನ ಇದರಲ್ಲಿದೆ ಎನ್ನುವವರಿದ್ದಾರೆ. ಬಯಲುಸೀಮೆಯ ಕೌದಿಯಿಂದ ಕಲಿತದ್ದು ಎನ್ನುವವರೂ ಇದ್ದಾರೆ. ನನಗೆ ಈ ಜಗಳದಲ್ಲಿ ಆಸಕ್ತಿ ಇಲ್ಲ. ಬಟ್ಟೆಯ ಬೆಲೆಗೆ ಮಾರಲ್ಪಟ್ಟವರ ಮರಿಮಕ್ಕಳು ಊರವರು ಉಟ್ಟುಬಿಟ್ಟ ಚಿಂದಿಯಿಂದ ತಮ್ಮ ಮಕ್ಕಳಿಗೆ ಬೆಚ್ಚನೆಯ ಹೊದಿಕೆ ಹೊಲಿದರು. ಕೆಂಟೆಯ ಪಟ್ಟಿಗೂ ಆರು ಕರವಸ್ತ್ರದ ಲೇಸೊಗೂ ಕಮ್ಮಿಯಿಲ್ಲದ ಕೆಲಸ ಅದು.

ಈ ಅಂಕಣ ಬರೆಯುವ ಮುಂಚೆ ಮತ್ತೊಮ್ಮೆ ಹೋಗಿ ಬಂದೆ. ಇಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ ದಾಟಿದರೆ ಮರಗಳು ಒತ್ತಾಗುತ್ತವೆ, ಕಾಡು ಮುಗಿಯುವ ಮೊದಲೇ ಯಲ್ಲಾಪುರ. ನನ್ನ ಬಳಿಯೂ ಒಂದು ಕಾಂಗಾ ಇದೆ, ದಾರ್ ಎಸ್ ಸಲಾಮಿನ ಅದೇ ಹುಡುಗ ತಂದುಕೊಟ್ಟದ್ದು. ಅದನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ನನಗೆ ಪರಿಚಯವಿದ್ದ ಆಯಿ ಜಗಲಿಯಲ್ಲಿ ಕಾಲು ಚಾಚಿ, ಕವಂದಿನ ಒಂದು ಮೂಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತಿದ್ದಳು. ವಯಸ್ಸು ಎಪ್ಪತ್ತರ ಮೇಲಿರಬೇಕು, ಸೂಜಿಗೆ ದಾರವನ್ನು ಮೊಮ್ಮಗಳು ಪೋಣಿಸಿ ಕೊಡುತ್ತಾಳೆ. ನಾನು ಕಾಂಗಾ ಬಿಡಿಸಿ ಅವಳ ಮುಂದೆ ಹರವಿದೆ. ಇದು ಆಫ್ರಿಕಾದ್ದು ಆಯಿ, ನಿಮ್ಮ ಹಿರಿಯರು ಬಂದರಲ್ಲ, ಆ ಕಡಲ ದಂಡೆಯದು ಎಂದೆ. ಮೊಮ್ಮಗಳು ಬಂದು ಅಕ್ಷರ ಓದಲು ನೋಡಿದಳು, ಒಮ್ಮೆ ಹೆಗಲಿಗೆ ಹಾಕಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಆಯಿ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದಳು, ಬೆಳಕಿಗೆ ಎತ್ತಿ ನೇಯ್ಗೆ ನೋಡಿದಳು, ತಿರುವಿ ಹಾಕಿ ಹಿಂಬದಿ ನೋಡಿದಳು.

"ಕೆಂಪು ಚಲೋ ಉಂಟು," ಎಂದಳು. "ಆದ್ರೆ ಇನ್ನೂ ಹೊಸ್ತು ಅಲ್ಲ? ಗಂಜಿ ಹೋಗ್ಲಿಲ್ಲ. ಸೂಜಿ ಇಳಿಯೂದಿಲ್ಲ ಇದ್ರಲ್ಲಿ. ನಾಕು ವರ್ಷ ಉಟ್ಕಾ ತಂಗಿ, ಮೆತ್ತಗಾದ್ಮೇಲೆ ತಗಂಡು ಬಾ."

ಮಡಚಿ ಕೈಗೆ ಕೊಟ್ಟಳು. ಈಗ ಅದನ್ನು ದಿನಾ ಮನೆಯಲ್ಲಿ ಸುತ್ತಿಕೊಳ್ಳುತ್ತೇನೆ. ವಾರಕ್ಕೆರಡು ಸಲ ಒಗೆದು ಹಿತ್ತಲ ತಂತಿಗೆ ಹಾಕುತ್ತೇನೆ.